ಅಂಬಾಸಿಡರ್ ಕಾರಿನ ಕಥೆ ಮತ್ತು ನಮ್ಮ ಗ್ಯಾರೇಜುಗಳು



ಅಂಬಾಸಿಡರ್ ಕಾರನ್ನು ನಮ್ಮ ಸಂಘದ ಹಿರಿಯ ಸದಸ್ಯರಿಗೆ ಪರಿಚಯಿಸಬೇಕಾಗಿಲ್ಲ. ಮಂತ್ರಿಗಳು ಬಂದರೂ ಅದೇ ಕಾರು, ಜಿಲ್ಲಾಧಿಕಾರಿಗಳು ಬಂದರೂ ಅದೇ ಕಾರು, ಮದುಮಗ ಬಂದರೂ ಅದೇ ಕಾರು. ಹಜ್ ಯಾತ್ರೆಗೆ ಹೊರಟ ಹಿರಿಯರನ್ನು ರೈಲು ನಿಲ್ದಾಣಕ್ಕೆ ಬಿಡಲು, ಹೆರಿಗೆ ನೋವು ಕಾಣಿಸಿಕೊಂಡ ಹೆಣ್ಣುಮಗಳನ್ನು ಮಧ್ಯರಾತ್ರಿ ಆಸ್ಪತ್ರೆಗೆ ಸೇರಿಸಲು ಊರಿನ ಸ್ಟ್ಯಾಂಡಿನಲ್ಲಿ ಸಿಗುತ್ತಿದ್ದುದೂ ಬಹುಮಟ್ಟಿಗೆ ಅದೇ ಬಾಡಿಗೆ ಕಾರು. ಐದಾರು ಜನ ಕೂರುವ ಜಾಗದಲ್ಲಿ ಒಂಬತ್ತು ಹತ್ತು ಜನ ಕುಳಿತರೂ ಅದು ಮುಖ ಸಿಂಡರಿಸುತ್ತಿರಲಿಲ್ಲ.

ವಿದ್ಯಾರ್ಥಿಗಳಾದ ನೀವು ಅದನ್ನು ಹಳೆಯ ಸಿನಿಮಾಗಳಲ್ಲಿ ಮಾತ್ರ ನೋಡಿರಬಹುದು. 2014ರಲ್ಲಿ ಅದರ ತಯಾರಿಕೆಯೇ ನಿಂತುಹೋಯಿತು. ಹಾಗಿದ್ದರೆ ನಿಂತುಹೋದ ಕಾರೊಂದರ ಕಥೆ ಶಿಕ್ಷಣ ಸಂಘದ ವಾರ್ಷಿಕ ಸಂಚಿಕೆಗೆ ಏಕೆ ಬೇಕು ಎಂದು ನೀವು ಕೇಳಬಹುದು. ಪ್ರಶ್ನೆ ಸರಿಯಾಗಿದೆ. ಉತ್ತರ ಎರಡು. ಮೊದಲನೆಯದಾಗಿ, ಕಲಿಯುವುದನ್ನು ನಿಲ್ಲಿಸಿದವನ ಗತಿ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಎರಡನೆಯದಾಗಿ, ಈ ಕಾರಿನ ರಿಪೇರಿಯಿಂದ ನಮ್ಮ ಸಮಾಜದ ಎಷ್ಟೋ ಮನೆಗಳ ಒಲೆ ಉರಿದಿದೆ. ಕಾರಿಗೆ ಬಂದ ಕಷ್ಟ ಆ ಮನೆಗಳಿಗೂ ಬಂದಿತು. ಆದ್ದರಿಂದ ದಯವಿಟ್ಟು ಕೊನೆಯವರೆಗೆ ಓದಿ.

ಕಾರಿಗೂ ಮೊದಲಿನ ಕನಸು

ಭಾರತದಲ್ಲೇ ಕಾರು ತಯಾರಿಸಬೇಕೆಂಬ ಯೋಚನೆಯ ಇತಿಹಾಸದಲ್ಲಿ ನಮ್ಮ ಮೈಸೂರಿನ ಹೆಸರು ದೊಡ್ಡದಾಗಿಯೇ ಇದೆ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನಗಿರಿಯಿಂದ ನಿವೃತ್ತರಾಗಿ ಹಲವು ವರ್ಷಗಳಾದ ಮೇಲೆ, 1930ರ ದಶಕದ ಮಧ್ಯಭಾಗದಲ್ಲಿ, ಯುರೋಪು ಮತ್ತು ಅಮೆರಿಕದ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು ಭಾರತದಲ್ಲಿ ಅಂಥ ಕಾರ್ಖಾನೆ ಕಟ್ಟುವ ಯೋಜನೆಯನ್ನು ಸಿದ್ಧಪಡಿಸಿದರು. ಆಗ ಅವರ ವಯಸ್ಸು ಎಪ್ಪತ್ತು ದಾಟಿತ್ತು ಎಂಬುದನ್ನು ಗಮನಿಸಿ. ಬೊಂಬಾಯಿಯ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಈ ಯೋಜನೆಯನ್ನು ಕೈಗೆತ್ತಿಕೊಂಡು ಅಮೆರಿಕದ ಕ್ರೈಸ್ಲರ್ ಕಂಪನಿಯ ಜೊತೆ ಮಾತುಕತೆ ನಡೆಸಿದರು.

ಆಗ ಮೈಸೂರಿನ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. 1926ರಿಂದ 1941ರವರೆಗೆ ಅವರು ಆ ಹುದ್ದೆಯಲ್ಲಿದ್ದರು. ಬೆಂಗಳೂರಿನಲ್ಲಿ ಕಾರು ಕಾರ್ಖಾನೆ ಆರಂಭವಾಗುವುದಾದರೆ ಮೈಸೂರು ಸರ್ಕಾರ ಅದಕ್ಕೆ ಬೆಂಬಲವಾಗಿ ನಿಲ್ಲಲು ಅವರು ಸಿದ್ಧರಿದ್ದರು. ಆದರೆ ಬ್ರಿಟಿಷ್ ಭಾರತ ಸರ್ಕಾರ ಒಪ್ಪಲಿಲ್ಲ. ಯುದ್ಧದ ಕಾಲ ಎಂಬುದು ಒಂದು ಕಾರಣ. ಭಾರತದಲ್ಲಿ ಕಾರು ತಯಾರಾದರೆ ಇಂಗ್ಲೆಂಡಿನ ಕಾರುಗಳಿಗೆ ಮಾರುಕಟ್ಟೆ ತಪ್ಪುತ್ತದೆ ಎಂಬ ಆತಂಕ ಅದರ ಹಿಂದಿತ್ತು ಎಂದು ಆ ಕಾಲದ ಭಾರತೀಯ ಉದ್ಯಮಿಗಳು ನಂಬಿದ್ದರು. ಕಾರಿನ ಕನಸು ಮುರಿಯಿತು. ಅದೇ ವಾಲ್‌ಚಂದ್ ಮತ್ತು ಅದೇ ಮೈಸೂರು ಸರ್ಕಾರ ಸೇರಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಆರಂಭಿಸಿದರು. ಇಂದಿನ ಎಚ್.ಎ.ಎಲ್. ಹುಟ್ಟಿದ್ದು ಹೀಗೆ. ಕಾರು ಕೇಳಿದ ಊರಿಗೆ ವಿಮಾನ ಬಂತು!

ಕಾರು ಬೇರೆ ಕಡೆ ಹೋಯಿತು. ವಾಲ್‌ಚಂದ್ 1944ರಲ್ಲಿ ಬೊಂಬಾಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು. ನಮ್ಮ ಹಿರಿಯರು ಫಿಯೆಟ್ ಎಂದು ಕರೆಯುತ್ತಿದ್ದ ಕಾರು, ಮುಂದೆ ಪದ್ಮಿನಿ ಎಂದು ಹೆಸರಾದದ್ದು, ಅಲ್ಲಿಯದು. ಅದಕ್ಕೂ ಎರಡು ವರ್ಷ ಮೊದಲು, 1942ರಲ್ಲಿ, ಬಿರ್ಲಾ ಮನೆತನದ ಬಿ.ಎಂ. ಬಿರ್ಲಾ ಅವರು ಗುಜರಾತಿನ ಓಖಾ ಬಂದರಿನ ಬಳಿ ಹಿಂದೂಸ್ತಾನ್ ಮೋಟರ್ಸ್ ಆರಂಭಿಸಿದ್ದರು. ನಮ್ಮ ಕಥಾನಾಯಕ ಹುಟ್ಟಿದ್ದು ಈ ಕಂಪನಿಯಲ್ಲಿ.

ಆಕ್ಸ್‌ಫರ್ಡಿನಿಂದ ಉತ್ತರಪಾರಕ್ಕೆ

ಅಂಬಾಸಿಡರ್‌ನ ಮೂಲ ಹುಡುಕಿದರೆ ನಾವು ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರಕ್ಕೆ ಹೋಗಬೇಕಾಗುತ್ತದೆ. ಆಕ್ಸ್‌ಫರ್ಡ್ ಎಂದರೆ ನಿಮಗೆ ವಿಶ್ವವಿದ್ಯಾಲಯ ನೆನಪಾಗುತ್ತದೆ. ಆದರೆ ಆ ಊರಿನಲ್ಲಿ ವಿಲಿಯಂ ಮಾರಿಸ್ ಎಂಬ ಹುಡುಗನೂ ಇದ್ದ. ಹದಿನೈದನೆಯ ವಯಸ್ಸಿಗೆ ಶಾಲೆ ಬಿಟ್ಟ ಆತ ಸೈಕಲ್ ರಿಪೇರಿ ಕಲಿತು, ಮನೆಯಲ್ಲೇ ಸೈಕಲ್ ಅಂಗಡಿ ಇಟ್ಟು, ಅಲ್ಲಿಂದ ಗ್ಯಾರೇಜು ಇಟ್ಟು, 1913ರಲ್ಲಿ ತನ್ನ ಮೊದಲ ಕಾರನ್ನು ಹೊರತಂದ. ಅದಕ್ಕೆ ತನ್ನ ಊರಿನ ಹೆಸರನ್ನೇ ಸೇರಿಸಿ ಮಾರಿಸ್ ಆಕ್ಸ್‌ಫರ್ಡ್ ಎಂದು ಹೆಸರಿಟ್ಟ. ಮುಂದೆ ಆತ ಲಾರ್ಡ್ ನಫೀಲ್ಡ್ ಆದ. ತಾನು ಕಾಲೇಜಿನ ಮೆಟ್ಟಿಲು ಹತ್ತದಿದ್ದರೂ 1937ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಹಣ ಕೊಟ್ಟು ನಫೀಲ್ಡ್ ಕಾಲೇಜು ಸ್ಥಾಪನೆಯಾಗಲು ಕಾರಣನಾದ. ಗ್ಯಾರೇಜಿನ ಮಿಸ್ತ್ರಿಯೊಬ್ಬ ಕಾಲೇಜು ಕಟ್ಟಿಸಿದ ಈ ಸಂಗತಿಯನ್ನು ನೆನಪಿನಲ್ಲಿಡಿ. ಮುಂದೆ ಇದು ನಮಗೆ ಬೇಕಾಗುತ್ತದೆ.

ಹಿಂದೂಸ್ತಾನ್ ಮೋಟರ್ಸ್ ಈ ಮಾರಿಸ್ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಆರಂಭದಲ್ಲಿ ಅಲ್ಲಿಂದ ಬಿಡಿಭಾಗಗಳನ್ನು ತರಿಸಿ ಇಲ್ಲಿ ಜೋಡಿಸುವ ಕೆಲಸ. 1948ರಲ್ಲಿ ಕಂಪನಿ ಪಶ್ಚಿಮ ಬಂಗಾಳದ ಹೂಗ್ಲಿ ಜಿಲ್ಲೆಯ ಉತ್ತರಪಾರಕ್ಕೆ ಬಂದಿತು. ಕಲ್ಕತ್ತೆಯಿಂದ ದೂರವೇನಲ್ಲ. ಕಾರ್ಖಾನೆಯ ಸುತ್ತ ಊರೇ ಬೆಳೆಯಿತು. ಅಲ್ಲಿಯ ರೈಲು ನಿಲ್ದಾಣದ ಹೆಸರೇ ಹಿಂದ್ ಮೋಟರ್. ಹಿಂದೂಸ್ತಾನ್ 10, ಹಿಂದೂಸ್ತಾನ್ 14, ಬೇಬಿ ಹಿಂದೂಸ್ತಾನ್, 1954ರಲ್ಲಿ ಲ್ಯಾಂಡ್‌ಮಾಸ್ಟರ್, ಹೀಗೆ ಒಂದಾದ ಮೇಲೊಂದು ಮಾರಿಸ್ ಮಾದರಿಗಳು ಭಾರತೀಯ ಹೆಸರಿನಲ್ಲಿ ಹೊರಬಂದವು.

ಇಂಗ್ಲೆಂಡಿನಲ್ಲಿ 1956ರಲ್ಲಿ ಮಾರಿಸ್ ಆಕ್ಸ್‌ಫರ್ಡ್‌ನ ಮೂರನೆಯ ಸರಣಿ ಬಂದಿತು. ಅದನ್ನು ಆಧರಿಸಿ 1957-58ರ ವೇಳೆಗೆ ಉತ್ತರಪಾರದಿಂದ ಹೊರಟ ಕಾರೇ ಅಂಬಾಸಿಡರ್. ಮೊದಲು ಹಳೆಯ ಮಾದರಿಯ ಸೈಡ್ ವಾಲ್ವ್ ಎಂಜಿನ್ ಇತ್ತು. ಸ್ವಲ್ಪ ಕಾಲದಲ್ಲೇ 1489 ಸಿ.ಸಿ.ಯ ಓವರ್‌ಹೆಡ್ ವಾಲ್ವ್ ಎಂಜಿನ್ ಬಂದಿತು. ಇಂಗ್ಲೆಂಡಿನಲ್ಲಿ ಆ ಮಾದರಿ 1959ರಲ್ಲಿಯೇ ನಿಂತು ಹೊಸ ರೂಪದ ಕಾರು ಬಂದಿತು. ತಾಯಿ ಮೂರು ವರ್ಷ ಬಾಳಿದಳು. ಮಗಳು ಭಾರತದಲ್ಲಿ ಐವತ್ತಾರು ವರ್ಷಕ್ಕೂ ಹೆಚ್ಚು ಬಾಳಿದಳು.

ಇಷ್ಟು ದೀರ್ಘಾಯುಷ್ಯಕ್ಕೆ ಕಾರಣ ಇಲ್ಲದಿಲ್ಲ. ಎತ್ತರದ ಮೇಲ್ಛಾವಣಿ, ಸೋಫಾದಂಥ ಉದ್ದನೆಯ ಸೀಟು, ದಪ್ಪ ತಗಡಿನ ದೇಹ, ಹಿಂದೆ ಲಾರಿಗಳಲ್ಲಿರುವಂಥ ಪಟ್ಟಿ ಸ್ಪ್ರಿಂಗು. ನಮ್ಮ ಅಂದಿನ ರಸ್ತೆಗಳಿಗೆ ಹೇಳಿ ಮಾಡಿಸಿದಂತಿತ್ತು. ಪೇಟ ತೊಟ್ಟವರೂ ಟೋಪಿ ಹಾಕಿದವರೂ ತಲೆ ತಗ್ಗಿಸದೆ ಕೂರಬಹುದಾಗಿತ್ತು. 2013ರಲ್ಲಿ ಬ್ರಿಟನ್ನಿನ ಟಾಪ್ ಗೇರ್ ಕಾರ್ಯಕ್ರಮದವರು ಜಗತ್ತಿನ ಹಲವು ದೇಶಗಳ ಟ್ಯಾಕ್ಸಿಗಳನ್ನು ಹೋಲಿಸಿ ಅಂಬಾಸಿಡರ್‌ಗೆ ಮೊದಲ ಸ್ಥಾನ ಕೊಟ್ಟರು. ಇದು ಒಂದು ಟಿ.ವಿ. ಕಾರ್ಯಕ್ರಮದ ತೀರ್ಪೇ ಇರಬಹುದು, ಆದರೂ ಗಟ್ಟಿತನಕ್ಕೆ ಸಂದ ಗೌರವ.

ಪೈಪೋಟಿ ಇಲ್ಲದ ಕಾಲ

ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರ ಸ್ವದೇಶಿ ಕಾರು ಉದ್ಯಮಕ್ಕೆ ರಕ್ಷಣೆ ಕೊಡಲು ನಿರ್ಧರಿಸಿತು. 1949ರಲ್ಲಿ ಪೂರ್ಣವಾಗಿ ತಯಾರಾದ ಕಾರುಗಳ ಆಮದಿಗೆ ತಡೆ ಬಿದ್ದಿತು. 1953ರಲ್ಲಿ ಸುಂಕ ಆಯೋಗದ ಶಿಫಾರಸಿನಂತೆ, ಇಲ್ಲಿಯೇ ಹಂತಹಂತವಾಗಿ ತಯಾರಿಸುವ ಯೋಜನೆ ಇಲ್ಲದ ಕಂಪನಿಗಳು ಬರೀ ಜೋಡಣೆ ಮಾಡಿ ಮಾರುವಂತಿಲ್ಲ ಎಂದಾಯಿತು. ದಶಕಗಳಿಂದ ಇಲ್ಲಿ ಕಾರು ಜೋಡಿಸುತ್ತಿದ್ದ ಅಮೆರಿಕದ ಜನರಲ್ ಮೋಟರ್ಸ್ ಮತ್ತು ಫೋರ್ಡ್ ಗಂಟುಮೂಟೆ ಕಟ್ಟಿದವು. ಉಳಿದವರು ಮುಖ್ಯವಾಗಿ ಮೂವರು: ಉತ್ತರಪಾರದ ಹಿಂದೂಸ್ತಾನ್, ಬೊಂಬಾಯಿಯ ಪ್ರೀಮಿಯರ್ ಮತ್ತು ಮದರಾಸಿನ ಸ್ಟ್ಯಾಂಡರ್ಡ್.

ಈ ನೀತಿಯ ಉದ್ದೇಶ ಒಳ್ಳೆಯದೇ. ಸಸಿಗೆ ಬೇಲಿ ಬೇಕು, ಇಲ್ಲದಿದ್ದರೆ ದನ ತಿಂದುಬಿಡುತ್ತದೆ. ಬೇಲಿಯ ಒಳಗೆ ನಡೆದ ಕೆಲಸವೂ ಸಣ್ಣದಲ್ಲ. ಎರಕ ಹೊಯ್ಯುವುದು, ಫೋರ್ಜಿಂಗ್, ಗೇರು ಕತ್ತರಿಸುವುದು, ದೇಹದ ತಗಡನ್ನು ಒತ್ತುವುದು ಎಲ್ಲವನ್ನೂ ನಮ್ಮವರು ಕಲಿತರು. ಬಿಡಿಭಾಗ ತಯಾರಿಸುವ ನೂರಾರು ಸಣ್ಣ ಕಾರ್ಖಾನೆಗಳು ಹುಟ್ಟಿಕೊಂಡವು. ಕಾರಿನ ಬಹುಪಾಲು ಭಾಗಗಳು ದೇಶದಲ್ಲೇ ತಯಾರಾಗತೊಡಗಿದವು. ಸೂಜಿಯೂ ವಿಲಾಯಿತಿಯಿಂದ ಬರುತ್ತಿದ್ದ ದೇಶಕ್ಕೆ ಇದು ಹೆಮ್ಮೆಯ ವಿಷಯವೇ ಆಗಿತ್ತು.

ಆದರೆ ಬೇಲಿ ಹಾಕಿದವರು ಅದನ್ನು ಯಾವಾಗ ತೆಗೆಯಬೇಕೆಂದು ಯೋಚಿಸಲಿಲ್ಲ. 1951ರ ಕೈಗಾರಿಕಾ ಕಾಯ್ದೆಯ ಪ್ರಕಾರ ಎಷ್ಟು ಕಾರು ತಯಾರಿಸಬೇಕೆಂಬುದಕ್ಕೂ ಲೈಸೆನ್ಸು ಬೇಕಿತ್ತು. ಹೊಸ ಯಂತ್ರ ತರಿಸಲು ವಿದೇಶಿ ವಿನಿಮಯಕ್ಕಾಗಿ ದೆಹಲಿಯ ಕಚೇರಿಗಳಿಗೆ ಅಲೆಯಬೇಕಿತ್ತು. 1969ರಿಂದ ಕೆಲವು ವರ್ಷ ಕಾರಿನ ಬೆಲೆಯನ್ನೂ ಸರ್ಕಾರವೇ ನಿಗದಿ ಮಾಡಿತು. ಕಾರು ಎಂದರೆ ಶ್ರೀಮಂತರ ವಿಲಾಸ ಎಂಬ ಭಾವನೆಯಿಂದ ತೆರಿಗೆಯೂ ಹೆಚ್ಚಿತ್ತು. ತಪ್ಪನ್ನೆಲ್ಲ ಕಂಪನಿಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ಆದರೂ ಒಂದು ಮಾತು ಹೇಳಲೇಬೇಕು. ಹಣ ಕಟ್ಟಿ ವರ್ಷಗಟ್ಟಲೆ ಕಾಯುವ ಗಿರಾಕಿ ಬಾಗಿಲಲ್ಲಿ ನಿಂತಿರುವಾಗ, ಜೊತೆಗೆ ಸರ್ಕಾರವೇ ದೊಡ್ಡ ಗಿರಾಕಿಯಾಗಿರುವಾಗ, ಸುಧಾರಿಸಿಕೊಳ್ಳುವ ಅಗತ್ಯ ಯಾರಿಗೂ ಕಾಣಲಿಲ್ಲ. 1960ರ ದಶಕದ ಆರಂಭದಲ್ಲಿ ಮಾರ್ಕ್ 2 ಬಂತು, 1975ರಲ್ಲಿ ಮಾರ್ಕ್ 3 ಬಂತು, 1979ರಲ್ಲಿ ಮಾರ್ಕ್ 4 ಬಂತು. ಬದಲಾದದ್ದು ಹೆಚ್ಚಾಗಿ ಮುಂದಿನ ಜಾಲರಿ, ದೀಪ, ಡ್ಯಾಶ್‌ಬೋರ್ಡು. ಒಳಗಿನ ಕಾರು ಹೆಚ್ಚುಕಡಿಮೆ ಅದೇ. ಮಾರ್ಕ್ 4ರ ಕಾಲದಲ್ಲಿ ಡೀಸೆಲ್ ಎಂಜಿನ್ ಬಂದದ್ದೇ ದೊಡ್ಡ ಬದಲಾವಣೆ. ಟ್ಯಾಕ್ಸಿಯವರಿಗೆ ಅದು ವರವಾಯಿತು. ಆದರೆ ಆ ಎಂಜಿನ್ನೂ ಮೂಲತಃ ಹಳೆಯ ಬ್ರಿಟಿಷ್ ವಿನ್ಯಾಸವೇ. 1984ರಲ್ಲಿ ಇದೇ ಕಂಪನಿ ಕಾಂಟೆಸಾ ಎಂಬ ಇನ್ನೊಂದು ದೊಡ್ಡ ಕಾರನ್ನು ತಂದಿತು. ಅದರ ದೇಹವೂ ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿಯ ಹಳೆಯ ಮಾದರಿಯದು.

ಹೋಲಿಕೆಗಾಗಿ ಕೊರಿಯಾವನ್ನು ನೋಡಿ. ಅಂಬಾಸಿಡರ್ ರಸ್ತೆಗಿಳಿದಾಗ ಹ್ಯುಂಡೈ ಕಾರು ಕಂಪನಿ ಹುಟ್ಟಿಯೇ ಇರಲಿಲ್ಲ. ಅದು ಆರಂಭವಾದದ್ದು 1967ರಲ್ಲಿ. ಮೊದಲು ಅವರೂ ನಮ್ಮಂತೆಯೇ ಫೋರ್ಡ್ ಕಂಪನಿಯ ಬಿಡಿಭಾಗ ತಂದು ಜೋಡಿಸಿದರು. ಆಮೇಲೆ ಇಂಗ್ಲೆಂಡಿನ ಕಾರು ಕಂಪನಿಯಲ್ಲಿ ಕೆಲಸ ಮಾಡಿದ್ದ ಜಾರ್ಜ್ ಟರ್ನ್‌ಬುಲ್ ಎಂಬವರನ್ನು ಕರೆಸಿ, ಇಟಲಿಯವರಿಂದ ರೂಪ ಬರೆಸಿ, ಜಪಾನಿನ ಎಂಜಿನ್ ಇಟ್ಟು 1975ರಲ್ಲಿ ಪೋನಿ ಎಂಬ ಸ್ವಂತ ಕಾರು ಮಾಡಿದರು. ಅಲ್ಲಿಗೆ ನಿಲ್ಲದೆ 1991ರಲ್ಲಿ ಸ್ವಂತ ಎಂಜಿನ್ನನ್ನೂ ರೂಪಿಸಿದರು. ಅವರಿಗೂ ಸರ್ಕಾರದ ರಕ್ಷಣೆಯ ಬೇಲಿ ಇತ್ತು. ಬೇಲಿಯೊಳಗೆ ಇದ್ದುಕೊಂಡೇ ಅವರು ಹೊರಗಿನ ಜಗತ್ತಿನ ಪರೀಕ್ಷೆಗೆ ಓದುತ್ತಿದ್ದರು. 1998ರಲ್ಲಿ ಅದೇ ಹ್ಯುಂಡೈ ಚೆನ್ನೈ ಬಳಿ ಕಾರ್ಖಾನೆ ಹಾಕಿ ಸ್ಯಾಂಟ್ರೋ ಕಾರನ್ನು ಮಾರಲು ಬಂದಾಗ ಅಂಬಾಸಿಡರ್ ಇನ್ನೂ 1956ರ ಉಡುಪಿನಲ್ಲೇ ನಿಂತಿತ್ತು. ಇಬ್ಬರಿಗೂ ಸಿಕ್ಕ ಸೌಲಭ್ಯ ಒಂದೇ. ಒಬ್ಬರು ಆ ಕಾಲವನ್ನು ಕಲಿಕೆಗೆ ಬಳಸಿದರು, ಇನ್ನೊಬ್ಬರು ವಿಶ್ರಾಂತಿಗೆ ಬಳಸಿದರು.

ಗ್ಯಾರೇಜೆಂಬ ಶಾಲೆ

ಈಗ ನಮ್ಮ ಕಡೆ ಬರೋಣ. ಕಾರ್ಖಾನೆ ಕಲಿಯುವುದನ್ನು ಬಿಟ್ಟರೂ ಬೀದಿಯಲ್ಲಿ ಒಂದು ದೊಡ್ಡ ಶಾಲೆ ನಡೆಯುತ್ತಿತ್ತು. ಅದರ ಹೆಸರು ಗ್ಯಾರೇಜು. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರ, ಕಲಾಸಿಪಾಳ್ಯಗಳಿಂದ ಹಿಡಿದು ಪ್ರತಿ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಹಿಂದಿನ ಬೀದಿಯವರೆಗೆ ಈ ಶಾಲೆಗಳು ಹರಡಿದ್ದವು. ಮೇಷ್ಟರನ್ನು ಅಲ್ಲಿ ಉಸ್ತಾದ್ ಎನ್ನುತ್ತಿದ್ದರು. ಹತ್ತು ಹನ್ನೆರಡು ವರ್ಷದ ಹುಡುಗ ಮೊದಲು ಪಾನಾ ಎತ್ತಿಕೊಡುವುದು, ಸೀಮೆಎಣ್ಣೆಯಲ್ಲಿ ಸಾಮಾನು ತೊಳೆಯುವುದು, ಚಹಾ ತರುವುದು. ಮೂರು ನಾಲ್ಕು ವರ್ಷವಾದ ಮೇಲೆ ಕ್ಲಚ್ಚು ಬ್ರೇಕು. ಅದೂ ಕೈಗೆ ಬಂದ ಮೇಲೆ ಎಂಜಿನ್.

ಅಂಬಾಸಿಡರ್ ಈ ಶಾಲೆಯ ಪಠ್ಯಪುಸ್ತಕವಾಗಿತ್ತು. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತಿತ್ತು, ಎಲ್ಲದಕ್ಕೂ ಕೈ ಹೋಗುತ್ತಿತ್ತು. ಗಾಡಿ ಸ್ಟಾರ್ಟ್ ಆಗದಿದ್ದರೆ ಎರಡೇ ಪ್ರಶ್ನೆ: ಪೆಟ್ರೋಲು ಬರುತ್ತಿದೆಯೇ, ಕಿಡಿ ಬರುತ್ತಿದೆಯೇ? ಕಾರ್ಬ್ಯುರೇಟರ್ ಬಿಚ್ಚಿ ಊದಿದರೆ ಮೊದಲನೆಯದಕ್ಕೆ ಉತ್ತರ. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಪಾಯಿಂಟ್ ಉಜ್ಜಿ, ಸಂದಿಗೆ ಬ್ಲೇಡಿನ ತುಂಡು ಇಟ್ಟು ಸರಿಪಡಿಸಿದರೆ ಎರಡನೆಯದಕ್ಕೆ ಉತ್ತರ. ಎಂಜಿನ್ನಿನ ಸದ್ದು ಕೇಳಿಯೇ ಟ್ಯಾಪೆಟ್ ಸಡಿಲವೋ, ಬೇರಿಂಗ್ ಹೋಗಿದೆಯೋ ಎಂದು ಹೇಳಬಲ್ಲ ಉಸ್ತಾದರು ಎಲ್ಲ ಊರಿನಲ್ಲೂ ಇದ್ದರು. ಹೊಸ ಸಾಮಾನು ಸಿಗದಿದ್ದರೆ ಲೇತಿನಲ್ಲಿ ತಿರುಗಿಸಿ ಮಾಡಿಕೊಳ್ಳುತ್ತಿದ್ದರು. ತಯಾರಕರೇ ಕೈಬಿಟ್ಟ ಗಾಡಿಗಳನ್ನೂ ಇವರು ಇಪ್ಪತ್ತು ಮೂವತ್ತು ವರ್ಷ ಓಡಿಸಿದರು. ಅಂಬಾಸಿಡರ್‌ನ ದೀರ್ಘಾಯುಷ್ಯದ ಅರ್ಧ ಕೀರ್ತಿ ಈ ಹೆಸರಿಲ್ಲದ ಎಂಜಿನಿಯರುಗಳಿಗೆ ಸಲ್ಲಬೇಕು.

ಇವರಲ್ಲಿ ನಮ್ಮ ಸಮಾಜದವರ ಸಂಖ್ಯೆ ದೊಡ್ಡದು ಎಂಬುದು ನಿಮಗೆ ಗೊತ್ತು. 2005ರಲ್ಲಿ ನೇಮಕವಾಗಿ 2006ರಲ್ಲಿ ವರದಿ ಕೊಟ್ಟ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯೂ ಮುಸ್ಲಿಮರು ಸಂಬಳದ ನೌಕರಿಗಿಂತ ಸ್ವಯಂ ಉದ್ಯೋಗದಲ್ಲಿ ಹೆಚ್ಚಾಗಿರುವುದನ್ನು, ವಾಹನ ರಿಪೇರಿ ಮತ್ತು ಸಾರಿಗೆಯಂಥ ಕಸುಬುಗಳಲ್ಲಿ ಅವರ ಪಾಲು ದೊಡ್ಡದಾಗಿರುವುದನ್ನು ದಾಖಲಿಸಿದೆ. ಟಿಂಕರಿಂಗ್, ಪೇಂಟಿಂಗ್, ಬ್ಯಾಟರಿ, ರೇಡಿಯೇಟರ್, ಸೀಟು ಹೊಲಿಯುವುದು, ಟೈರು, ಗುಜರಿ, ಹೀಗೆ ಒಂದು ಕಾರಿನ ಸುತ್ತ ಹತ್ತು ಕಸುಬು, ಹತ್ತು ಮನೆ.

ಆದರೆ ಈ ಶಾಲೆಗೆ ಒಂದು ದೊಡ್ಡ ಕೊರತೆ ಇತ್ತು. ಅಲ್ಲಿ ಅಕ್ಷರ ಇರಲಿಲ್ಲ, ಪ್ರಮಾಣಪತ್ರವೂ ಇರಲಿಲ್ಲ. ಗ್ಯಾರೇಜಿಗೆ ಸೇರುವ ಹುಡುಗ ಸಾಮಾನ್ಯವಾಗಿ ಐದನೆಯದೋ ಏಳನೆಯದೋ ತರಗತಿಗೆ ಪುಸ್ತಕ ಮಡಚಿಟ್ಟು ಬಂದವನು. "ಕಸುಬು ಕೈಯಲ್ಲಿದ್ದರೆ ಸಾಕು, ಓದಿ ಏನಾಗಬೇಕು?" ಎಂಬ ಮಾತು ಆಗ ಸುಳ್ಳೂ ಆಗಿರಲಿಲ್ಲ. ಕಾರು ಬದಲಾಗದಿರುವವರೆಗೆ ಕಲಿತ ಕಸುಬೂ ಹಳತಾಗುತ್ತಿರಲಿಲ್ಲ. ತಂದೆ ಕಲಿತದ್ದೇ ಮಗನಿಗೂ ಸಾಕಾಗುತ್ತಿತ್ತು. ಉತ್ತರಪಾರದ ಕಂಪನಿಗೆ ಸರ್ಕಾರದ ಬೇಲಿ ಇದ್ದಂತೆ ನಮ್ಮ ಗ್ಯಾರೇಜಿಗೆ ಅಂಬಾಸಿಡರೇ ಬೇಲಿಯಾಗಿತ್ತು.

ಬೇಲಿ ಬಿದ್ದಾಗ

1983ರ ಡಿಸೆಂಬರ್ 14ರಂದು ಹರಿಯಾಣದ ಗುರಗಾಂವ್‌ನಿಂದ ಮೊದಲ ಮಾರುತಿ 800 ಹೊರಬಂದಿತು. ಸರ್ಕಾರಿ ಕಂಪನಿಯೇ ಜಪಾನಿನ ಸುಜುಕಿಯೊಂದಿಗೆ ಸೇರಿ ಮಾಡಿದ ಕಾರದು. ಚಿಕ್ಕದು, ಹಗುರ, ಕಡಿಮೆ ಪೆಟ್ರೋಲು ಕುಡಿಯುವಂಥದು. ಮಧ್ಯಮ ವರ್ಗದವರು ಅದರ ಹಿಂದೆ ಬಿದ್ದರು. 1980ರ ದಶಕದ ಮಧ್ಯದಲ್ಲಿ ವರ್ಷಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಾರಾಟವಾಗುತ್ತಿದ್ದ ಅಂಬಾಸಿಡರ್ ಅಲ್ಲಿಂದ ಇಳಿಯತೊಡಗಿತು. 1990ರ ದಶಕದ ಆರಂಭದಲ್ಲಿ ಜಪಾನಿನ ಇಸುಜು ಕಂಪನಿಯ 1800 ಸಿ.ಸಿ. ಎಂಜಿನ್ ಮತ್ತು ಐದು ಗೇರುಗಳನ್ನು ಅಳವಡಿಸಿ ಹೊಸ ಜೀವ ಕೊಡುವ ಪ್ರಯತ್ನ ನಡೆಯಿತು. ಎಂಜಿನ್ ನಿಜಕ್ಕೂ ಚೆನ್ನಾಗಿತ್ತು. ಆದರೆ ಮುದುಕನಿಗೆ ಯುವಕನ ಹೃದಯ ಜೋಡಿಸಿದಂತಾಯಿತು.

1991ರಲ್ಲಿ ಆರ್ಥಿಕ ಉದಾರೀಕರಣ ಬಂತು, 1993ರಲ್ಲಿ ಕಾರು ಉದ್ಯಮಕ್ಕೆ ಲೈಸೆನ್ಸಿನ ಅಗತ್ಯವೇ ಹೋಯಿತು. 1998ರ ಕೊನೆಯಲ್ಲಿ ಟಾಟಾದವರ ಇಂಡಿಕಾ ಬಂದಿತು. ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯಿಂದ 2000ದಲ್ಲಿ ಕ್ವಾಲಿಸ್ ಬಂದಿತು. ಕರ್ನಾಟಕದ ಟ್ಯಾಕ್ಸಿ ಸ್ಟ್ಯಾಂಡುಗಳಿಂದ ಅಂಬಾಸಿಡರನ್ನು ಹೊರಗೆ ಕಳಿಸಿದವರಲ್ಲಿ ಮುಖ್ಯರು ಇವರಿಬ್ಬರು. 2001ರ ಸಂಸತ್ತಿನ ಮೇಲಿನ ದಾಳಿಯ ನಂತರದ ವರ್ಷಗಳಲ್ಲಿ ಭದ್ರತೆಯ ಕಾರಣಕ್ಕೆ ಪ್ರಧಾನಿಯವರ ಪ್ರಯಾಣವೂ ಜರ್ಮನಿಯ ಕಾರಿಗೆ ಬದಲಾಯಿತು.

ಅಂತಿಮ ಏಟು ಕೊಟ್ಟದ್ದು ಹೊಗೆ. ವಾಯುಮಾಲಿನ್ಯ ತಡೆಯಲು 2000ದಿಂದ ದೇಶದಲ್ಲಿ ಹಂತಹಂತವಾಗಿ ಭಾರತ್ ಸ್ಟೇಜ್ ನಿಯಮಗಳು ಬಂದವು. 2010ರಲ್ಲಿ ಬೆಂಗಳೂರು ಸೇರಿದಂತೆ ದೊಡ್ಡ ನಗರಗಳಲ್ಲಿ ನಾಲ್ಕನೆಯ ಹಂತ ಜಾರಿಯಾದಾಗ ಅಂಬಾಸಿಡರ್‌ನ ಡೀಸೆಲ್ ಎಂಜಿನ್ ಅದಕ್ಕೆ ಸಿದ್ಧವಿರಲಿಲ್ಲ. ನಿಯಮಕ್ಕೆ ಹೊಂದುವ ಎನ್‌ಕೋರ್ ಎಂಬ ಮಾದರಿ 2013ರಲ್ಲಿ ಬಂದಿತಾದರೂ ಹೊತ್ತು ಮೀರಿತ್ತು. 2013-14ರಲ್ಲಿ ಮಾರಾಟವಾದದ್ದು ಸುಮಾರು 2,200 ಕಾರು ಮಾತ್ರ. 2014ರ ಮೇ 24ರಂದು ಉತ್ತರಪಾರದ ಕಾರ್ಖಾನೆ ಕೆಲಸ ಸ್ಥಗಿತಗೊಳಿಸಿತು. ಎರಡು ಸಾವಿರಕ್ಕೂ ಹೆಚ್ಚು ಕಾರ್ಮಿಕರು ಮರುದಿನದಿಂದ ಕೆಲಸವಿಲ್ಲದವರಾದರು. 2017ರಲ್ಲಿ ಅಂಬಾಸಿಡರ್ ಎಂಬ ಹೆಸರನ್ನು ಫ್ರಾನ್ಸಿನ ಪ್ಯೂಜೊ ಕಂಪನಿಗೆ 80 ಕೋಟಿ ರೂಪಾಯಿಗೆ ಮಾರಲಾಯಿತು. ಅದೇ ವರ್ಷದ ಮೇ 1ರಿಂದ ಗಣ್ಯರ ಕಾರುಗಳ ಮೇಲಿನ ಕೆಂಪು ದೀಪವೂ ಹೋಯಿತು. ಹೆಸರು, ಗತ್ತು ಎರಡೂ ಒಟ್ಟಿಗೆ ಮುಗಿದವು.

ಈ ಬದಲಾವಣೆ ಗ್ಯಾರೇಜಿನೊಳಗೆ ಏನು ಮಾಡಿತು ಗೊತ್ತೇ? ಹೊಗೆಯ ನಿಯಮಕ್ಕಾಗಿ ಕಾರ್ಬ್ಯುರೇಟರ್ ಹೋಗಿ ಎಂ.ಪಿ.ಎಫ್.ಐ. ಬಂತು. ಪಾಯಿಂಟ್ ಹೋಗಿ ಎಲೆಕ್ಟ್ರಾನಿಕ್ ಇಗ್ನಿಷನ್ ಬಂತು. ಎಷ್ಟು ಪೆಟ್ರೋಲು, ಯಾವ ಕ್ಷಣಕ್ಕೆ ಕಿಡಿ ಎಂಬುದನ್ನು ಒಂದು ಸಣ್ಣ ಕಂಪ್ಯೂಟರು ನಿರ್ಧರಿಸತೊಡಗಿತು. ಅದಕ್ಕೆ ಸುದ್ದಿ ಮುಟ್ಟಿಸಲು ಹತ್ತಾರು ಸೆನ್ಸರುಗಳು. ದೋಷ ಹುಡುಕಬೇಕಾದರೆ ಸ್ಕ್ಯಾನರ್ ಜೋಡಿಸಿ, ಪರದೆಯಲ್ಲಿ ಬರುವ ಸಂಕೇತ ಓದಿ, ಇಂಗ್ಲಿಷಿನ ಕೈಪಿಡಿಯಲ್ಲಿ ಅದರ ಅರ್ಥ ನೋಡಿ, ವೈರಿಂಗ್ ನಕ್ಷೆ ಬಿಡಿಸಿ ನೋಡಬೇಕು. ಕಿವಿಯಿಂದ ರೋಗ ಪತ್ತೆ ಮಾಡುತ್ತಿದ್ದ ಉಸ್ತಾದ್ ಇಲ್ಲಿ ಅಸಹಾಯಕನಾದ. ಅವನ ಬುದ್ಧಿಗೆ ಕೊರತೆ ಇರಲಿಲ್ಲ. ಓದಲು ಬರುತ್ತಿರಲಿಲ್ಲ, ಅಷ್ಟೇ. ಹೊಸ ಗಾಡಿಗಳು ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನ ಕಡೆ ತಿರುಗಿದವು. ಅಲ್ಲಿ ಕೆಲಸಕ್ಕೆ ಹೋದರೆ ಮೊದಲು ಕೇಳಿದ್ದು ಐ.ಟಿ.ಐ. ಅಥವಾ ಡಿಪ್ಲೊಮಾ ಪತ್ರ. ಮೂವತ್ತು ವರ್ಷದ ಅನುಭವಕ್ಕೆ ಪತ್ರವಿರಲಿಲ್ಲ.

ನಮಗಿರುವ ಪಾಠ

ಓದುಗರೇ, ಈ ಕಥೆಯಿಂದ ಅಂಬಾಸಿಡರನ್ನು ಹೀಗಳೆಯಬೇಕೆಂಬುದು ಉದ್ದೇಶವಲ್ಲ. ಅದು ದೇಶಕ್ಕೆ ಸೇವೆ ಸಲ್ಲಿಸಿದೆ. ಆದರೆ ನಿನ್ನೆಯ ಸೇವೆ ನಾಳೆಯ ಪರೀಕ್ಷೆಯಲ್ಲಿ ಅಂಕ ತಂದುಕೊಡುವುದಿಲ್ಲ.

ನಮ್ಮ ಸಭೆಗಳಲ್ಲಿ ನಾವು ಅಲ್ ಜಝರಿಯವರ ಹೆಸರನ್ನು ಹೆಮ್ಮೆಯಿಂದ ಹೇಳುತ್ತೇವೆ. 1206ರಲ್ಲಿ ಯಂತ್ರಗಳ ಬಗ್ಗೆ ಗ್ರಂಥ ಬರೆದು, ನೀರೆತ್ತುವ ಯಂತ್ರದಲ್ಲಿ ಕ್ರ್ಯಾಂಕನ್ನು ಬಳಸಿ ತೋರಿಸಿದ ಮಹಾನುಭಾವ ಅವರು. ಪೆಟ್ರೋಲು, ಡೀಸೆಲ್ ಕಾರುಗಳ ಎಂಜಿನ್ನಿನ ಒಳಗೆ ಇಂದಿಗೂ ತಿರುಗುವುದು ಕ್ರ್ಯಾಂಕೇ. ಹೆಮ್ಮೆ ಸರಿ. ಆದರೆ ಅವರ ಹೆಸರು ಹೇಳಿಕೊಂಡು ನಾವು ಪುಸ್ತಕ ಮಡಚಿಟ್ಟರೆ, 1956ರ ಕಾರನ್ನು 2014ರಲ್ಲಿ ಮಾರಲು ಹೊರಟವರಿಗೂ ನಮಗೂ ಏನು ವ್ಯತ್ಯಾಸ? ದಿವ್ಯವಾಣಿಯ ಮೊದಲ ಆಜ್ಞೆಯೇ ಓದಿನ ಕುರಿತದ್ದು ಎಂದು ಮಕ್ಕಳಿಗೆ ಹೇಳಿಕೊಡುವ ನಾವು ಅದನ್ನು ಗ್ಯಾರೇಜಿನ ಬಾಗಿಲಲ್ಲೇ ಬಿಟ್ಟು ಒಳಗೆ ಹೋಗಬಾರದು.

ಈಗ ಇನ್ನೊಂದು ಬದಲಾವಣೆ ಬಾಗಿಲಿಗೆ ಬಂದಿದೆ. ಬ್ಯಾಟರಿಯಿಂದ ಓಡುವ ಸ್ಕೂಟರು, ಆಟೋ, ಕಾರುಗಳನ್ನು ನೀವು ದಿನವೂ ನೋಡುತ್ತಿದ್ದೀರಿ. ಅವುಗಳಲ್ಲಿ ಪ್ಲಗ್ಗೂ ಇಲ್ಲ, ಸೈಲೆನ್ಸರೂ ಇಲ್ಲ, ಎಂಜಿನ್ ಆಯಿಲ್ಲೂ ಇಲ್ಲ. ಮೋಟಾರು, ಬ್ಯಾಟರಿ, ಕಂಟ್ರೋಲರ್, ಸಾಫ್ಟ್‌ವೇರ್ ಇವೆ. ಎಂ.ಪಿ.ಎಫ್.ಐ. ಬಂದಾಗ ನಮ್ಮ ಉಸ್ತಾದರಿಗೆ ಆದದ್ದು ಇಂದಿನ ಹುಡುಗರಿಗೂ ಆಗಬೇಕೇ? ಈ ಬಾರಿ ನಾವು ಮೊದಲೇ ಎಚ್ಚರವಾಗಬಹುದು. ದಾರಿಗಳೂ ಇವೆ.

ಗ್ಯಾರೇಜಿಗೆ ಮಗನನ್ನು ಸೇರಿಸಬೇಕೆಂದಿರುವ ತಂದೆತಾಯಿಯರೇ, ಹತ್ತನೆಯ ತರಗತಿ ಮುಗಿಯುವವರೆಗಾದರೂ ತಡೆಯಿರಿ. ಆಮೇಲೆ ಐ.ಟಿ.ಐ.ಯಲ್ಲಿ ಮೋಟಾರು ವಾಹನ ಅಥವಾ ಎಲೆಕ್ಟ್ರಾನಿಕ್ಸ್ ವಿಭಾಗಕ್ಕೆ ಸೇರಿಸಿ. ನಮ್ಮ ರಾಜ್ಯದಲ್ಲಿ ಐ.ಟಿ.ಐ. ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರುವ ಅವಕಾಶವಿದೆ. ಡಿಪ್ಲೊಮಾ ಮುಗಿಸಿದವರು ಡಿ.ಸಿ.ಇ.ಟಿ. ಪರೀಕ್ಷೆ ಬರೆದು ನೇರವಾಗಿ ಎಂಜಿನಿಯರಿಂಗ್ ಎರಡನೆಯ ವರ್ಷಕ್ಕೆ ಹೋಗಬಹುದು. ಅಂದರೆ ಪಾನಾ ಹಿಡಿದ ಕೈ ಬಿ.ಇ. ಪದವಿಯವರೆಗೆ ಹೋಗಲು ಏಣಿ ಇದೆ. ಬಿಡದಿಯ ಟೊಯೋಟಾದವರು 2007ರಲ್ಲಿ ಆರಂಭಿಸಿದ ತರಬೇತಿ ಸಂಸ್ಥೆಯಂತೆ ಹತ್ತನೆಯ ತರಗತಿ ಮುಗಿಸಿದ ಬಡ ಗ್ರಾಮೀಣ ಮಕ್ಕಳಿಗಾಗಿ ನಡೆಯುವ ಸಂಸ್ಥೆಗಳೂ ಇವೆ. ವಿಚಾರಿಸಿ.

ಈಗಾಗಲೇ ಗ್ಯಾರೇಜಿನಲ್ಲಿ ಇರುವವರೇ, ನೀವು ಕಲಿತದ್ದು ವ್ಯರ್ಥವಲ್ಲ. ಶಾಲೆಯ ಹೊರಗೆ ಕಲಿತ ಕೌಶಲ್ಯವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯನ್ನು 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ್ಯ ವಿಕಾಸ ಯೋಜನೆಯಡಿ ಸೇರಿಸಲಾಗಿದೆ. ಮೂವತ್ತು ವರ್ಷದ ಅನುಭವಕ್ಕೆ ಒಂದು ಪತ್ರ ಸಿಗುವುದಾದರೆ ಒಂದೆರಡು ದಿನ ಅಂಗಡಿ ಮುಚ್ಚಿದರೂ ನಷ್ಟವಿಲ್ಲ.

ಕಾಲೇಜಿನಲ್ಲಿ ಓದುತ್ತಿರುವ ವಿದ್ಯಾರ್ಥಿ ವಿದ್ಯಾರ್ಥಿನಿಯರೇ, ನಿಮಗೊಂದು ವಿನಂತಿ. ನಿಮ್ಮಲ್ಲಿ ಹಲವರ ತಂದೆ, ಚಿಕ್ಕಪ್ಪ, ಮಾಮಂದಿರು ಇಂಥ ಗ್ಯಾರೇಜುಗಳಲ್ಲೇ ದುಡಿದು ನಿಮ್ಮ ಫೀಸು ಕಟ್ಟಿದ್ದಾರೆ. ಅವರ ಕೈಗೆ ಮೆತ್ತಿದ ಗ್ರೀಸಿಗಾಗಿ ನಾಚಬೇಡಿ. ಬಿಡುವಿನ ದಿನ ಅಲ್ಲಿಗೆ ಹೋಗಿ ಸ್ಕ್ಯಾನರಿನ ಸಂಕೇತವನ್ನು ಕನ್ನಡದಲ್ಲೋ ಉರ್ದುವಿನಲ್ಲೋ ಓದಿ ಹೇಳಿ. ಅವರು ನಿಮಗೆ ಎಂಜಿನ್ನಿನ ಸದ್ದನ್ನು ಕೇಳುವುದು ಕಲಿಸುತ್ತಾರೆ. ಪುಸ್ತಕ ಓದಿದವರಿಗೆ ಪಾನಾ ಹಿಡಿಯಲು ಬಾರದು, ಪಾನಾ ಹಿಡಿದವರಿಗೆ ಪುಸ್ತಕ ಓದಲು ಬಾರದು ಎಂಬ ಸ್ಥಿತಿಯಿಂದ ನಮ್ಮ ಸಮಾಜ ಬಹಳ ಕಳೆದುಕೊಂಡಿದೆ.

ನಮ್ಮ ಸಂಘವೂ ಒಂದು ವಿಷಯ ಯೋಚಿಸಬೇಕು. ವೈದ್ಯಕೀಯ ಸೀಟು ಪಡೆದವರನ್ನು ನಾವು ಪ್ರತಿ ವರ್ಷ ವೇದಿಕೆಗೆ ಕರೆದು ಸನ್ಮಾನಿಸುತ್ತೇವೆ. ಅದು ಇರಲಿ. ಅದರ ಜೊತೆಗೆ ಐ.ಟಿ.ಐ.ಯಲ್ಲಿ ಒಳ್ಳೆಯ ಅಂಕ ಪಡೆದ ಮೆಕ್ಯಾನಿಕನ ಮಗನನ್ನೂ, ಡಿಪ್ಲೊಮಾ ಮುಗಿಸಿದ ಟ್ಯಾಕ್ಸಿ ಚಾಲಕನ ಮಗಳನ್ನೂ ಅದೇ ವೇದಿಕೆಗೆ ಕರೆಯೋಣ. ಸೈಕಲ್ ರಿಪೇರಿಯಿಂದ ಆರಂಭಿಸಿ ಕಾಲೇಜು ಕಟ್ಟಿಸಿದ ವಿಲಿಯಂ ಮಾರಿಸ್ ನೆನಪಿದ್ದಾನಲ್ಲವೇ? ಅಂಥವರು ನಮ್ಮ ಗ್ಯಾರೇಜುಗಳಲ್ಲೂ ಇದ್ದಾರೆ. ಪುಸ್ತಕ ಮಡಚಿಡುವ ಮೊದಲು ಯಾರಾದರೂ ಅವರ ಕೈ ಹಿಡಿಯಬೇಕು, ಅಷ್ಟೇ.